ಅಪ್‌ಡೇಟ್ ಆದ ಮೇಲೆ ಲ್ಯಾಪ್‌ಟಾಪ್‌ನಲ್ಲಿ ಸದ್ದೇ ಇಲ್ಲ, ತಂಗಿ ಸ್ಕ್ರೀನ್ ರೀಡರ್ ಬಳಸುವವಳು: ದಾರಿ ಹೇಳಿ

ಪುಣೆಯಅಣ್ಣ:
ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಕಣ್ಣು ಕಾಣುವುದಿಲ್ಲ. ಧಾರವಾಡದಲ್ಲಿ ಪಿಜಿಯಲ್ಲಿದ್ದು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ವಿಂಡೋಸ್ 11 ಲ್ಯಾಪ್‌ಟಾಪ್, ಅದರಲ್ಲಿ ಎನ್‌ವಿಡಿಎ ಸ್ಕ್ರೀನ್ ರೀಡರ್ ಇದೆ, ಅಂದರೆ ಪರದೆಯಲ್ಲಿರುವುದನ್ನು ದನಿಯಲ್ಲಿ ಓದಿ ಹೇಳುವ ಸಾಫ್ಟ್‌ವೇರ್. ನಿನ್ನೆ ರಾತ್ರಿ ಏನೋ ಅಪ್‌ಡೇಟ್ ಹಾಕಿಕೊಂಡು ರೀಸ್ಟಾರ್ಟ್ ಆಯಿತು. ಅಲ್ಲಿಂದ ಒಂದು ಸದ್ದೂ ಇಲ್ಲ. ಸ್ಪೀಕರ್ ಇಲ್ಲ, ಹೆಡ್‌ಫೋನ್ ಜ್ಯಾಕ್‌ನಲ್ಲೂ ಇಲ್ಲ. ವಾಲ್ಯೂಮ್ ಕೀ, ಮ್ಯೂಟ್ ಕೀ ಎಲ್ಲ ಒತ್ತಿ ನೋಡಿದ್ದಾಳೆ.

ನಾನು ಪುಣೆಯಲ್ಲಿದ್ದೇನೆ. ಫೋನಿನಲ್ಲಿ ಮಾತಾಡುತ್ತಾ ಸರಿ ಮಾಡೋಣ ಅಂದರೆ ಪರದೆಯಲ್ಲಿ ಏನಿದೆ ಅಂತ ಅವಳಿಗೂ ಗೊತ್ತಾಗುವುದಿಲ್ಲ, ನನಗೂ ಗೊತ್ತಾಗುವುದಿಲ್ಲ. ಪಕ್ಕದ ರೂಮಿನ ಹುಡುಗಿ ಸಂಜೆ ಕೆಲಸ ಮುಗಿಸಿ ಬಂದ ಮೇಲೆ ಸ್ವಲ್ಪ ಹೊತ್ತು ಸಹಾಯ ಮಾಡಬಹುದು. ಬೇರೆಯವರಿಗೆ ಸದ್ದು ಹೋದರೆ ಹಾಡು ಕೇಳುವುದಿಲ್ಲ, ಅಷ್ಟೇ. ಅವಳಿಗೆ ಇಡೀ ಕಂಪ್ಯೂಟರ್ ಹೋದ ಹಾಗೆ. ಎಲ್ಲಿಂದ ಶುರು ಮಾಡಲಿ?

ಹೊಸಬಳಕೆದಾರ:
ಯಾವುದಾದರೂ ಉಚಿತ ಡ್ರೈವರ್ ಅಪ್‌ಡೇಟರ್ ಹಾಕಿ ಸ್ಕ್ಯಾನ್ ಮಾಡಿಸಿ. ಅದೇ ಹುಡುಕಿ ಹೊಸ ಡ್ರೈವರ್ ಹಾಕುತ್ತದೆ. ಅದರಲ್ಲೂ ಆಗಲಿಲ್ಲ ಅಂದರೆ ವಿಂಡೋಸ್ ಮತ್ತೆ ಇನ್‌ಸ್ಟಾಲ್ ಮಾಡುವುದೇ ಸುಲಭ.

ಮೂರನೇಮಹಡಿ:
ದಯವಿಟ್ಟು ಎರಡೂ ಬೇಡ. ನಾನು ಆಫೀಸಿನಲ್ಲಿ ಕಂಪ್ಯೂಟರ್ ಸಪೋರ್ಟ್ ಕೆಲಸ ಮಾಡುವವನು. ಡ್ರೈವರ್ ಅಂದರೆ ಒಂದು ಸಾಧನವನ್ನು ನಡೆಸಲು ವಿಂಡೋಸ್‌ಗೆ ಬೇಕಾದ ಸಾಫ್ಟ್‌ವೇರ್. ಲ್ಯಾಪ್‌ಟಾಪ್ ಆಡಿಯೊ ಡ್ರೈವರ್ ಅನ್ನುವುದು ಚಿಪ್‌ನ ಹೆಸರು ನೋಡಿ ಹಾಕುವ ವಸ್ತು ಅಲ್ಲ. ರಿಯಲ್‌ಟೆಕ್ ಕಂಪನಿಯ ಒಂದೇ ಎಎಲ್‌ಸಿ256 ಸೌಂಡ್ ಚಿಪ್ ಹತ್ತಾರು ಮಾಡೆಲ್‌ಗಳಲ್ಲಿರುತ್ತದೆ. ಆದರೆ ಅದರ ಯಾವ ಕಾಲು ಸ್ಪೀಕರ್‌ಗೆ ಹೋಗಿದೆ, ಯಾವುದು ಜ್ಯಾಕ್‌ಗೆ, ಮಧ್ಯದಲ್ಲಿ ಆಂಪ್ಲಿಫೈಯರ್ ಇದೆಯಾ ಅನ್ನುವುದು ಒಂದೊಂದು ಮಾಡೆಲ್‌ನಲ್ಲಿ ಒಂದೊಂದು ತರಹ. ಆ ಮಾಹಿತಿ ಲ್ಯಾಪ್‌ಟಾಪ್ ಕಂಪನಿ ಕೊಡುವ ಡ್ರೈವರ್ ಪ್ಯಾಕೇಜಿನಲ್ಲಿರುತ್ತದೆ. ಅಪ್‌ಡೇಟರ್ ಸಾಫ್ಟ್‌ವೇರ್ ಬರೀ ಆವೃತ್ತಿ ಸಂಖ್ಯೆ ನೋಡಿ "ಇದು ಹೊಸದು" ಅಂತ ಹಾಕಿಬಿಡುತ್ತದೆ. ಜೊತೆಗೆ ಬೇಡದ ಇನ್ನೇನೋ ಬಂದು ಕೂರುತ್ತದೆ.

ಇನ್ನು ಮತ್ತೆ ಇನ್‌ಸ್ಟಾಲ್ ಮಾಡುವ ವಿಚಾರ. ಆಡಿಯೊ ಡ್ರೈವರ್ ಸರಿಯಿಲ್ಲದಿದ್ದರೆ ಇನ್‌ಸ್ಟಾಲ್ ಆಗುವಾಗಿನ ಪರದೆಗಳೂ ಮಾತಾಡುವುದಿಲ್ಲ. ಕಣ್ಣು ಕಾಣದವರನ್ನು ಅಲ್ಲಿ ಒಂಟಿಯಾಗಿ ಬಿಡುವುದು ಸರಿಯಲ್ಲ.

ಪುಣೆಯಅಣ್ಣ ಅವರೇ, ಮೊದಲು ತಿಳಿಯಬೇಕಾದದ್ದು ಸದ್ದು ಎಲ್ಲಿ ನಿಲ್ಲುತ್ತಿದೆ ಅಂತ. ಎನ್‌ವಿಡಿಎ ಮಾತನ್ನು ತಯಾರಿಸಿ ವಿಂಡೋಸ್‌ನ ಆಡಿಯೊ ಸರ್ವಿಸ್‌ಗೆ ಕೊಡುತ್ತದೆ. ಆ ಸರ್ವಿಸ್ ಯಾವುದು ಡೀಫಾಲ್ಟ್ ಔಟ್‌ಪುಟ್ (ಸದ್ದು ತಾನಾಗಿ ಹೋಗಬೇಕಾದ ಸಾಧನ) ಅಂತ ನೋಡಿ ಅಲ್ಲಿಗೆ ಕಳಿಸುತ್ತದೆ. ಅಲ್ಲಿಂದ ಡ್ರೈವರ್, ಆಮೇಲೆ ಚಿಪ್, ಕೊನೆಗೆ ಸ್ಪೀಕರ್. ಐದು ಕಡೆ ಎಲ್ಲಿ ಬೇಕಾದರೂ ಕಟ್ ಆಗಿರಬಹುದು. ತುಂಬಾ ಜನ ನೇರ ಡ್ರೈವರ್‌ಗೆ ಕೈ ಹಾಕುತ್ತಾರೆ, ಆದರೆ ಎಷ್ಟೋ ಸಲ ತಪ್ಪಿರುವುದು ಡೀಫಾಲ್ಟ್ ಔಟ್‌ಪುಟ್‌ನಲ್ಲಿ. ಟಿವಿಗೋ ಮಾನಿಟರ್‌ಗೋ ಎಚ್‌ಡಿಎಂಐ ಕೇಬಲ್ ಹಾಕಿದ್ದರೆ ಸದ್ದು ಅಲ್ಲಿಗೆ ಹೋಗಿರುತ್ತದೆ.

ಈಗಲೇ ಮಾಡಬಹುದಾದ ಒಂದು ಪರೀಕ್ಷೆ: ವಿಂಡೋಸ್, ಕಂಟ್ರೋಲ್, ಎಂಟರ್ ಮೂರೂ ಕೀ ಒಟ್ಟಿಗೆ ಒತ್ತಲು ಹೇಳಿ. ವಿಂಡೋಸ್‌ನ ಸ್ವಂತ ನರೇಟರ್ ಮಾತಾಡಬೇಕು. ಅದು ಮಾತಾಡಿದರೆ ತೊಂದರೆ ಎನ್‌ವಿಡಿಎಯಲ್ಲಿ. ಆಗ ಕಂಟ್ರೋಲ್, ಆಲ್ಟ್, ಎನ್ ಒತ್ತಿದರೆ ಎನ್‌ವಿಡಿಎ ಮತ್ತೆ ಶುರುವಾಗುತ್ತದೆ. ನರೇಟರ್ ಕೂಡ ಮಾತಾಡದಿದ್ದರೆ ತೊಂದರೆ ಅದರ ಕೆಳಗೆಲ್ಲೋ ಇದೆ.

ಪುಣೆಯಅಣ್ಣ:
ಮಾಡಿಸಿದೆ. ನರೇಟರ್ ಕೂಡ ಮಾತಾಡಲಿಲ್ಲ. ಎಚ್‌ಡಿಎಂಐ ಏನೂ ಹಾಕಿಲ್ಲ.

ಬೆಸುಗೆ:
ಶಿವಮೊಗ್ಗದಲ್ಲಿ ರಿಪೇರಿ ಅಂಗಡಿ ನನ್ನದು. ಅಪ್‌ಡೇಟ್ ಆದ ತಕ್ಷಣವೇ ಸ್ಪೀಕರ್ ಮತ್ತು ಜ್ಯಾಕ್ ಎರಡೂ ಒಟ್ಟಿಗೆ ಹೋಗಿದ್ದರೆ ಅದು ಹಾರ್ಡ್‌ವೇರ್ ಆಗಿರುವ ಸಾಧ್ಯತೆ ಕಡಿಮೆ. ಸ್ಪೀಕರ್ ಸುಟ್ಟರೆ ಹೆಡ್‌ಫೋನ್ ಕೆಲಸ ಮಾಡಬೇಕು. ಜ್ಯಾಕ್‌ನೊಳಗಿನ ಸ್ವಿಚ್ ಅಂಟಿಕೊಂಡರೆ ಹೆಡ್‌ಫೋನ್ ಸಿಕ್ಕಿಸಿದೆ ಅಂತಲೇ ಲ್ಯಾಪ್‌ಟಾಪ್ ಅಂದುಕೊಂಡು ಸ್ಪೀಕರ್ ಸುಮ್ಮನಾಗುತ್ತದೆ, ಆದರೆ ಆಗಲೂ ಹೆಡ್‌ಫೋನ್‌ನಲ್ಲಿ ಕೇಳಬೇಕು. ಗುಡುಗು ಸಿಡಿಲಿನ ದಿನ ಚಾರ್ಜರ್ ಹಾಕಿಟ್ಟಿದ್ದರೆ ಮಾತು ಬೇರೆ.

ಇನ್ನೊಂದು. ಲ್ಯಾಪ್‌ಟಾಪನ್ನು "ಶಟ್‌ಡೌನ್" ಮಾಡಿ ಆನ್ ಮಾಡಿದರೆ ಸಾಲದು. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್‌ನಲ್ಲಿ ಡ್ರೈವರ್‌ಗಳ ಹಳೆಯ ಸ್ಥಿತಿಯೇ ಡಿಸ್ಕ್‌ನಲ್ಲಿ ಉಳಿದು ವಾಪಸ್ ಬರುತ್ತದೆ. "ರೀಸ್ಟಾರ್ಟ್" ಕೊಟ್ಟರೆ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ. ಒಂದು ಸಲ ಮಾಡಿಸಿ ನೋಡಿ.

ಕೇಳಿಓದು:
ನಾನೂ ಕಣ್ಣು ಕಾಣದವನೇ. ಮೈಸೂರಿನಲ್ಲಿ ಕೆಲಸ. ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಕ್ರಮ ಬದಲಾಗಬೇಕು. ಮೊದಲು ತಂಗಿಗೆ ಹೇಗಾದರೂ ಮಾತು ಕೊಡಿ. ಕಾರಣ ಹುಡುಕುವುದು ಆಮೇಲೆ. ಮಾತು ಬಂತು ಅಂದರೆ ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ. ಪಕ್ಕದ ರೂಮಿನವರಿಗೂ ಕಾಯಬೇಕಾಗಿಲ್ಲ, ನೀವು ಫೋನಿನಲ್ಲಿ ಊಹೆ ಮಾಡಬೇಕಾಗಿಯೂ ಇಲ್ಲ.

ಹೇಗೆ ಅಂದರೆ, ಯುಎಸ್‌ಬಿ ಮೂಲಕ. ಯುಎಸ್‌ಬಿ ಸೌಂಡ್ ಕಾರ್ಡ್ ಅಂತ ಬೆರಳಿನಷ್ಟು ಉದ್ದದ ಒಂದು ಸಾಧನ ಸಿಗುತ್ತದೆ, ಕೆಲವು ನೂರು ರೂಪಾಯಿ. ಒಂದು ತುದಿ ಲ್ಯಾಪ್‌ಟಾಪ್‌ಗೆ, ಇನ್ನೊಂದು ತುದಿಯಲ್ಲಿ ಮಾಮೂಲಿ ಇಯರ್‌ಫೋನ್. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಮೊದಲಿಂದ ಇದೆ, ಏನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಲ್ಯಾಪ್‌ಟಾಪ್ ಒಳಗಿನ ಸೌಂಡ್ ಚಿಪ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ಒಳಗಿನ ಡ್ರೈವರ್ ಏನೇ ಆಗಿರಲಿ, ಇದು ಮಾತಾಡುತ್ತದೆ. ಹೊಸದಾಗಿ ಸಿಕ್ಕಿಸಿದ್ದನ್ನು ವಿಂಡೋಸ್ ಸಾಮಾನ್ಯವಾಗಿ ತಾನೇ ಡೀಫಾಲ್ಟ್ ಮಾಡಿಕೊಳ್ಳುತ್ತದೆ.

ಅಂಗಡಿಗೆ ಹೋಗುವವರೆಗೆ ಕಾಯುವುದೂ ಬೇಡ. ಫೋನಿಗೆ ಹಾಕುವ ಟೈಪ್-ಸಿ ಇಯರ್‌ಫೋನ್ ಪಿಜಿಯಲ್ಲಿ ಯಾರ ಹತ್ತಿರವಾದರೂ ಇರುತ್ತದೆ. ಅದನ್ನು ಲ್ಯಾಪ್‌ಟಾಪ್‌ನ ಟೈಪ್-ಸಿ ಪೋರ್ಟ್‌ಗೆ ಹಾಕಿ ನೋಡಲಿ. ಅಂಥವುಗಳಲ್ಲಿ ಎರಡು ಜಾತಿ. ಕೆಲವದರಲ್ಲಿ ಡಿಜಿಟಲ್‌ನಿಂದ ಅನಲಾಗ್‌ಗೆ ಬದಲಿಸುವ ಚಿಪ್ ಇಯರ್‌ಫೋನ್ ಒಳಗೇ ಇರುತ್ತದೆ, ಅವು ಕೆಲಸ ಮಾಡುತ್ತವೆ. ಕೆಲವು ಬರೀ ತಂತಿ, ಅವು ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುವುದಿಲ್ಲ. ಒಂದು ಆಗದಿದ್ದರೆ ಇನ್ನೊಬ್ಬರದ್ದು ಕೇಳಿ. ಹಾಕಿದ ಮೇಲೆ ಕಂಟ್ರೋಲ್, ಆಲ್ಟ್, ಎನ್.

ಪುಣೆಯಅಣ್ಣ:
ಬಂತು! ಊಟದ ಮನೆಯಲ್ಲಿ ಕೇಳಿ ಒಬ್ಬರ ಇಯರ್‌ಫೋನ್ ತಂದು ಹಾಕಿದಳು, ಎನ್‌ವಿಡಿಎ ಮಾತಾಡಿತು. ಫೋನಿನಲ್ಲಿ ಅವಳ ದನಿ ಕೇಳಿದರೆ ಸಾಕಿತ್ತು ನನಗೆ. ಇನ್ನು ಮುಂದಿನದ್ದು ಅವಳೇ ಬರೆಯುತ್ತಾಳಂತೆ.

ಧಾರವಾಡದಿಂದ:
ನಮಸ್ಕಾರ, ನಾನೇ ತಂಗಿ. ಕೇಳಿಓದು ಅವರಿಗೆ ಮೊದಲು ಧನ್ಯವಾದ. ಈ ವಿಷಯ ನನಗೆ ಯಾರೂ ಹೇಳಿರಲಿಲ್ಲ.

ಈಗ ನೋಡಿದ್ದು ಇಷ್ಟು. ವಿಂಡೋಸ್, ಕಂಟ್ರೋಲ್, ವಿ ಒತ್ತಿದರೆ ಔಟ್‌ಪುಟ್ ಪಟ್ಟಿ ಬರುತ್ತದೆ. ಅದರಲ್ಲಿ ಈ ಯುಎಸ್‌ಬಿ ಇಯರ್‌ಫೋನ್ ಒಂದೇ ಇದೆ. ಲ್ಯಾಪ್‌ಟಾಪ್‌ನ ಸ್ಪೀಕರ್ ಹೆಸರೇ ಇಲ್ಲ. ಜ್ಯಾಕ್‌ಗೆ ಹೆಡ್‌ಫೋನ್ ಹಾಕಿದರೂ ಪಟ್ಟಿ ಬದಲಾಗುವುದಿಲ್ಲ. ರೀಸ್ಟಾರ್ಟ್ ಮಾಡಿದೆ, ಅದೇ ಕಥೆ.

ಮೂರನೇಮಹಡಿ:
ತುಂಬಾ ಒಳ್ಳೆಯ ಮಾಹಿತಿ. ಹೆಸರೇ ಇಲ್ಲ ಅಂದರೆ ಮ್ಯೂಟ್, ಡೀಫಾಲ್ಟ್ ಇವೆಲ್ಲ ಲೆಕ್ಕಕ್ಕಿಲ್ಲ. ಆದರೂ ಒಂದು ನೋಡಿಬಿಡಿ. ವಿಂಡೋಸ್ ಜೊತೆ ಆರ್ ಒತ್ತಿ, ಎಂ ಎಂ ಎಸ್ ವೈ ಎಸ್, ಚುಕ್ಕೆ, ಸಿ ಪಿ ಎಲ್ ಅಂತ ಟೈಪ್ ಮಾಡಿ ಎಂಟರ್ ಕೊಡಿ. ಹಳೆಯ ಸೌಂಡ್ ಕಿಟಕಿ ತೆರೆಯುತ್ತದೆ. ಪಟ್ಟಿಯ ಮೇಲೆ ನಿಂತು ಶಿಫ್ಟ್ ಜೊತೆ ಎಫ್10 ಒತ್ತಿದರೆ ಮೆನು ಬರುತ್ತದೆ, ಅದರಲ್ಲಿ ಡಿಸೇಬಲ್ ಆದ ಸಾಧನಗಳನ್ನು ತೋರಿಸುವ ಆಯ್ಕೆ ಇದೆ. ಸ್ಪೀಕರ್ ಅಲ್ಲಿ ಡಿಸೇಬಲ್ ಆಗಿ ಕೂತಿದ್ದರೆ ಎನೇಬಲ್ ಮಾಡಿದರೆ ಮುಗಿಯಿತು.

ಅಲ್ಲೂ ಇಲ್ಲದಿದ್ದರೆ ವಿಂಡೋಸ್ ಜೊತೆ ಎಕ್ಸ್, ಆಮೇಲೆ ಎಂ. ಡಿವೈಸ್ ಮ್ಯಾನೇಜರ್ ಬರುತ್ತದೆ. "ಸೌಂಡ್, ವಿಡಿಯೊ ಆ್ಯಂಡ್ ಗೇಮ್ ಕಂಟ್ರೋಲರ್ಸ್" ಮತ್ತು "ಸಿಸ್ಟಮ್ ಡಿವೈಸಸ್" ಎರಡನ್ನೂ ಬಿಡಿಸಿ ನೋಡಿ. ತೊಂದರೆ ಇರುವ ಸಾಧನದ ಪ್ರಾಪರ್ಟೀಸ್‌ನಲ್ಲಿ ಒಂದು ಕೋಡ್ ಇರುತ್ತದೆ. 28 ಅಂದರೆ ಡ್ರೈವರ್ ಇನ್‌ಸ್ಟಾಲ್ ಆಗಿಲ್ಲ. 10 ಅಂದರೆ ಡ್ರೈವರ್ ಇದೆ, ಸಾಧನ ಶುರುವಾಗುತ್ತಿಲ್ಲ. ಈ ಎರಡಕ್ಕೂ ಮದ್ದು ಬೇರೆ ಬೇರೆ.

ಟರ್ಮಿನಲ್‌ಪ್ರಿಯ:
ಮಧ್ಯದಲ್ಲಿ ಒಂದು ಮಾತು. ಹಾರ್ಡ್‌ವೇರ್ ಸರಿ ಇದೆಯಾ ಅಂತ ಖಚಿತ ಮಾಡಿಕೊಳ್ಳಲು ಉಬುಂಟು ಅನ್ನುವ ಲಿನಕ್ಸ್ ಸಿಸ್ಟಮ್ ಇರುವ ಪೆನ್‌ಡ್ರೈವ್‌ನಿಂದ (ಲೈವ್ ಯುಎಸ್‌ಬಿ) ಲ್ಯಾಪ್‌ಟಾಪ್ ಶುರು ಮಾಡಿ ನೋಡಬಹುದು. ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಆಲ್ಟ್, ವಿಂಡೋಸ್, ಎಸ್ ಒತ್ತಿದರೆ ಅದರ ಒರ್ಕಾ ಸ್ಕ್ರೀನ್ ರೀಡರ್ ಮಾತಾಡುತ್ತದೆ. ಅಲ್ಲಿ ಸ್ಪೀಕರ್‌ನಲ್ಲಿ ಸದ್ದು ಬಂದರೆ ಲ್ಯಾಪ್‌ಟಾಪ್ ಚೆನ್ನಾಗಿದೆ, ತಪ್ಪು ವಿಂಡೋಸ್ ಕಡೆಯ ಡ್ರೈವರ್‌ನಲ್ಲಿದೆ ಅಂತ ಅರ್ಥ.

ಲಿನಕ್ಸ್ ಬಳಸುವವರಿಗೂ ಹೇಳಿಬಿಡುತ್ತೇನೆ, ಇದೇ ಪ್ರಶ್ನೆ ಪದೇ ಪದೇ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ "ಡಮ್ಮಿ ಔಟ್‌ಪುಟ್" ಅಂತ ಮಾತ್ರ ಕಂಡರೆ, ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಸೌಂಡ್ ಕಾರ್ಡ್ ಸಿಕ್ಕಿಲ್ಲ. ಈಚಿನ ಇಂಟೆಲ್ ಲ್ಯಾಪ್‌ಟಾಪ್‌ಗಳಿಗೆ ಸೌಂಡ್ ಓಪನ್ ಫರ್ಮ್‌ವೇರ್ ಪ್ಯಾಕೇಜ್ ಬೇಕು (ಫರ್ಮ್‌ವೇರ್ ಅಂದರೆ ಸಾಧನದ ಒಳಗೇ ಓಡುವ ಸಾಫ್ಟ್‌ವೇರ್), ಅದು ಇದೆಯಾ ನೋಡಿ. ಕಾರ್ಡ್ ಇದೆ, ಸದ್ದಿಲ್ಲ ಅಂದರೆ ಟರ್ಮಿನಲ್‌ನಲ್ಲಿ ಸದ್ದಿನ ಮಟ್ಟ ಹೊಂದಿಸುವ ಆಲ್ಸಾಮಿಕ್ಸರ್ ತೆರೆದು ಎಫ್6ರಿಂದ ಸರಿಯಾದ ಕಾರ್ಡ್ ಆರಿಸಿ. ಕಾಲಂ ಕೆಳಗೆ ಎರಡು "ಎಂ" ಇದ್ದರೆ ಮ್ಯೂಟ್ ಆಗಿದೆ, ಎಂ ಕೀ ಒತ್ತಿದರೆ ಬಿಡುತ್ತದೆ. ಫೆಡೋರಾ 34ರಿಂದ, ಉಬುಂಟು 22.10ರಿಂದ ಪಲ್ಸ್‌ಆಡಿಯೊ ಬದಲು ಪೈಪ್‌ವೈರ್ ಅನ್ನುವ ಆಡಿಯೊ ವ್ಯವಸ್ಥೆ ಬಂದಿದೆ. ಹಾಗಾಗಿ ಪಲ್ಸ್‌ಆಡಿಯೊ ಕಾಲದ ಹಳೆಯ ಸಲಹೆಗಳನ್ನು ಕಣ್ಣು ಮುಚ್ಚಿ ಹಾಕಬೇಡಿ. ಎರಡು ಸಿಸ್ಟಮ್ ಒಂದೇ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಂಡವರು ಬೆಸುಗೆ ಅವರು ಹೇಳಿದ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ವಿಂಡೋಸ್ ಬಿಟ್ಟುಹೋದ ಸ್ಥಿತಿಯಲ್ಲೇ ಚಿಪ್ ನಿಂತು, ಲಿನಕ್ಸ್‌ನಲ್ಲಿ ಸದ್ದು ಬರದೇ ಇರುವುದುಂಟು.

ಧಾರವಾಡದಿಂದ:
ಡಿಸೇಬಲ್ ಪಟ್ಟಿಯಲ್ಲಿ ಸ್ಪೀಕರ್ ಇಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಸೌಂಡ್ ವಿಭಾಗದಲ್ಲಿ ಯುಎಸ್‌ಬಿ ಇಯರ್‌ಫೋನ್ ಮಾತ್ರ. ಆದರೆ ಸಿಸ್ಟಮ್ ಡಿವೈಸಸ್‌ನಲ್ಲಿ ಆಡಿಯೊ ಕಂಟ್ರೋಲರ್ ಅಂತ ಒಂದಿದೆ, ಅದರ ಪ್ರಾಪರ್ಟೀಸ್‌ನಲ್ಲಿ ಸಾಧನ ಶುರುವಾಗಲಿಲ್ಲ, ಕೋಡ್ 10 ಅಂತ ಓದಿತು. ಲ್ಯಾಪ್‌ಟಾಪ್ ಕಂಪನಿಯ ಸೈಟ್‌ನಿಂದ ಆಡಿಯೊ ಡ್ರೈವರ್ ಇಳಿಸಿ ಹಾಕಿದೆ. ಇನ್‌ಸ್ಟಾಲ್ ಆಯಿತು ಅಂದಿತು, ಆದರೆ ಏನೂ ಬದಲಾಗಲಿಲ್ಲ.

ಮೂರನೇಮಹಡಿ:
ಗಂಟು ಸಿಕ್ಕಿತು. ಯಾಕೆ ಬದಲಾಗಲಿಲ್ಲ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಲ್ಲಿ ಓದುವ ಬೇರೆಯವರಿಗೂ ಉಪಯೋಗವಾಗಲಿ.

ಹಿಂದೆ ಪ್ರೊಸೆಸರ್ ಕಡೆಯ ಕಂಟ್ರೋಲರ್‌ನಿಂದ ನೇರ ಸೌಂಡ್ ಚಿಪ್‌ಗೆ ದಾರಿ. ಇಂಟೆಲ್ 2004ರಲ್ಲಿ ತಂದ ಎಚ್‌ಡಿ ಆಡಿಯೊ ಕ್ರಮ ಹಾಗೇ ಇತ್ತು. ಕಂಟ್ರೋಲರ್‌ಗೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಇರುತ್ತಿತ್ತು, ಚಿಪ್‌ಗೆ ಒಂದು ಡ್ರೈವರ್ ಹಾಕಿದರೆ ಕೆಲಸ ಮುಗಿಯುತ್ತಿತ್ತು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಮಧ್ಯೆ ಡಿಎಸ್‌ಪಿ ಅಂತ ಇನ್ನೊಂದು ಪುಟ್ಟ ಪ್ರೊಸೆಸರ್ ಕೂತಿರುತ್ತದೆ. ಮೈಕಿನ ಗದ್ದಲ ತೆಗೆಯುವುದು, ಬ್ಯಾಟರಿ ಉಳಿಸುವುದು ಅದರ ಕೆಲಸ. ಅದಕ್ಕೆ ಬೇರೆ ಡ್ರೈವರ್, ಬೇರೆ ಫರ್ಮ್‌ವೇರ್. ಅದು ಎದ್ದರೆ ಮಾತ್ರ ಅದರ ಹಿಂದಿರುವ ಸೌಂಡ್ ಚಿಪ್ ವಿಂಡೋಸ್‌ಗೆ ಕಾಣುತ್ತದೆ.

ನಿಮ್ಮಲ್ಲಿ ಏಳದೇ ಇರುವುದು ಈ ಮಧ್ಯದ್ದು. ನೀವು ಹಾಕಿದ ಡ್ರೈವರ್ ಅದರ ಹಿಂದಿರುವ ಚಿಪ್‌ಗೆ. ಬಾಗಿಲೇ ತೆರೆದಿಲ್ಲವಾದ್ದರಿಂದ ಒಳಗೆ ಎಷ್ಟು ಸಲ ಡ್ರೈವರ್ ಹಾಕಿದರೂ ಅಷ್ಟೇ. ಹಾಗಾಗಿ ಕೋಡ್ 10 ಬಂದಿರುವ ಆ ಕಂಟ್ರೋಲರ್‌ನ ಪ್ರಾಪರ್ಟೀಸ್‌ಗೇ ಹೋಗಿ. ಡ್ರೈವರ್ ಟ್ಯಾಬ್‌ನಲ್ಲಿ "ರೋಲ್ ಬ್ಯಾಕ್ ಡ್ರೈವರ್" (ಹಿಂದಿನ ಆವೃತ್ತಿಗೆ ಮರಳುವುದು) ಒತ್ತಲು ಬಂದರೆ ಒತ್ತಿ. ಅದು ಮಂಕಾಗಿದ್ದರೆ, ಅಂದರೆ "ಅನ್‌ಅವೈಲಬಲ್" ಅಂತ ಓದಿದರೆ, "ಅಪ್‌ಡೇಟ್ ಡ್ರೈವರ್" ಕೊಟ್ಟು, ನನ್ನ ಕಂಪ್ಯೂಟರ್‌ನಲ್ಲೇ ಹುಡುಕುತ್ತೇನೆ ಅನ್ನುವುದನ್ನು ಆರಿಸಿ, ಮುಂದೆ ಪಟ್ಟಿಯಿಂದ ಆರಿಸುವ ಆಯ್ಕೆಗೆ ಹೋಗಿ. ಹಳೆಯ ಆವೃತ್ತಿ ಇನ್ನೂ ಲ್ಯಾಪ್‌ಟಾಪ್‌ನಲ್ಲೇ ಉಳಿದಿದ್ದರೆ ಅಲ್ಲಿ ಸಿಗುತ್ತದೆ. ಅದನ್ನು ಆರಿಸಿ ರೀಸ್ಟಾರ್ಟ್ ಮಾಡಿ. ಇಯರ್‌ಫೋನ್ ಮಾತ್ರ ತೆಗೆಯಬೇಡಿ.

ಕಡಲತಡಿ:
ಈ ಚರ್ಚೆ ಓದುತ್ತಾ ನನ್ನದೂ ಕೇಳಿಬಿಡೋಣ ಅನ್ನಿಸಿತು. ಕುಂದಾಪುರದ ಹತ್ತಿರದವನು. ಮನೆಯಲ್ಲಿರುವ ಯಕ್ಷಗಾನದ ಹಳೇ ಕ್ಯಾಸೆಟ್‌ಗಳನ್ನು ಲ್ಯಾಪ್‌ಟಾಪ್‌ಗೆ ಇಳಿಸುತ್ತಿದ್ದೇನೆ. ಎರಡು ತೊಂದರೆ. ಚಾರ್ಜರ್ ಹಾಕಿದಾಗ ಆಂಪ್ಲಿಫೈಯರ್‌ನಲ್ಲಿ ಗುಂಯ್ ಅನ್ನುತ್ತದೆ, ತೆಗೆದರೆ ನಿಲ್ಲುತ್ತದೆ. ಇನ್ನೊಂದು, ರೆಕಾರ್ಡ್ ಆದದ್ದರಲ್ಲಿ ಹಾರ್ಮೋನಿಯಂ ಶ್ರುತಿ ಬಂದು ಬಂದು ಮಾಯವಾಗುತ್ತದೆ, ಚೆಂಡೆ ಬಂದಾಗ ಸದ್ದು ಒಡೆಯುತ್ತದೆ. ಡ್ರೈವರ್ ತಪ್ಪಾ?

ಬೆಸುಗೆ:
ಗುಂಯ್ ಅನ್ನುವುದು ಡ್ರೈವರ್ ಅಲ್ಲ. ಕರೆಂಟಿನ 50 ಹರ್ಟ್ಸ್ ಅದು, ಅರ್ಥಿಂಗ್ ಮೂಲಕ ಸುತ್ತು ಹೊಡೆದು ಆಡಿಯೊ ಕೇಬಲ್‌ಗೆ ಬರುತ್ತಿದೆ. ಬ್ಯಾಟರಿಯಲ್ಲಿ ನಿಲ್ಲುತ್ತದೆ ಅಂದ ಮೇಲೆ ಅನುಮಾನವೇ ಇಲ್ಲ. ಲ್ಯಾಪ್‌ಟಾಪ್, ಆಂಪ್ಲಿಫೈಯರ್ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಾಕಿ. ಆದರೂ ಸದ್ದು ಉಳಿದರೆ ಆಡಿಯೊ ಕೇಬಲ್ ಮಧ್ಯೆ ಆ ಸುತ್ತನ್ನು ತಡೆಯುವ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಮನೆಯ ಅರ್ಥಿಂಗ್ ಒಂದು ಸಲ ಎಲೆಕ್ಟ್ರಿಷಿಯನ್‌ಗೆ ತೋರಿಸಿ, ಕರಾವಳಿಯ ಉಪ್ಪು ಗಾಳಿಗೆ ಜೋಡಣೆಗಳು ತುಕ್ಕು ಹಿಡಿಯುತ್ತವೆ. ಚಾರ್ಜರ್‌ನ ಮೂರನೇ ಪಿನ್ ಕತ್ತರಿಸಿದರೆ ಸದ್ದು ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದು ಜೀವಕ್ಕೆ ಅಪಾಯ.

ಚೆಂಡೆ ಒಡೆಯುವುದಕ್ಕೆ ಕಾರಣ ಜ್ಯಾಕ್. ಲ್ಯಾಪ್‌ಟಾಪ್‌ನಲ್ಲಿರುವ ಒಂದೇ ಜ್ಯಾಕ್ ಹೆಡ್‌ಸೆಟ್‌ಗಾಗಿ ಮಾಡಿದ್ದು. ಅದರ ಇನ್‌ಪುಟ್ ಮೈಕಿಗೆ ಮಾತ್ರ, ಅದೂ ಮೊನೊ. ಟೇಪ್ ಡೆಕ್‌ನಿಂದ ಬರುವ ಸಿಗ್ನಲ್ ಮೈಕಿಗಿಂತ ಎಷ್ಟೋ ಪಟ್ಟು ಜೋರು. ಲೈನ್-ಇನ್ ಇರುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ತೆಗೆದುಕೊಳ್ಳಿ.

ಮೂರನೇಮಹಡಿ:
ಶ್ರುತಿ ಮಾಯವಾಗುವುದು ನಾಯ್ಸ್ ಸಪ್ರೆಶನ್‌ನಿಂದ. ಒಂದೇ ಸಮ ಬರುವ ಸದ್ದನ್ನೆಲ್ಲ ಅದು ಫ್ಯಾನ್ ಶಬ್ದ ಅಂದುಕೊಂಡು ಅಳಿಸುತ್ತದೆ. ಮೈಕ್‌ನ ಪ್ರಾಪರ್ಟೀಸ್‌ನಲ್ಲಿ ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ಸ್ ಆಫ್ ಮಾಡಿ. ಆ ಕ್ಯಾಸೆಟ್‌ಗಳನ್ನು ಮತ್ತೆ ಮೊದಲಿಂದ ಇಳಿಸಿಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ. ಅಳಿಸಿಹೋದ ಶ್ರುತಿಯನ್ನು ಆಮೇಲೆ ಯಾವ ಸಾಫ್ಟ್‌ವೇರ್ ಕೂಡ ನಿಜವಾಗಿ ವಾಪಸ್ ತರುವುದಿಲ್ಲ.

ಧಾರವಾಡದಿಂದ:
ರೋಲ್ ಬ್ಯಾಕ್ ಆಗಲಿಲ್ಲ. ಪಟ್ಟಿಯಿಂದ ಆರಿಸುವ ದಾರಿಯಲ್ಲಿ ಎರಡು ಆವೃತ್ತಿ ಸಿಕ್ಕಿತು. ಹಳೆಯದನ್ನು ಆರಿಸಿ ರೀಸ್ಟಾರ್ಟ್ ಮಾಡಿದೆ. ಕೋಡ್ 10 ಹೋಯಿತು, ಔಟ್‌ಪುಟ್ ಪಟ್ಟಿಯಲ್ಲಿ ಸ್ಪೀಕರ್ ಬಂತು. ಈಗ ಸ್ಪೀಕರ್‌ನಲ್ಲೇ ಓದಿಸಿಕೊಂಡು ಟೈಪ್ ಮಾಡುತ್ತಿದ್ದೇನೆ. ಎಲ್ಲರಿಗೂ ತುಂಬಾ ಧನ್ಯವಾದ.

ಎರಡು ಪ್ರಶ್ನೆ ಉಳಿದಿವೆ. ಬ್ಲೂಟೂತ್ ಹೆಡ್‌ಫೋನ್ ಹಾಕಿದರೆ ಎನ್‌ವಿಡಿಎ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಮಾತಾಡುವಾಗ ಮೊದಲ ಅಕ್ಷರ ನುಂಗುತ್ತದೆ. ಆನ್‌ಲೈನ್ ಕ್ಲಾಸ್ ಶುರುವಾದರೆ ಅದೇ ಹೆಡ್‌ಫೋನ್‌ನಲ್ಲಿ ದನಿ ಹಳೇ ಟೆಲಿಫೋನ್ ತರಹ ಆಗುತ್ತದೆ. ಇನ್ನೊಂದು, ಮುಂದಿನ ಅಪ್‌ಡೇಟ್‌ನಲ್ಲಿ ಇದೇ ಮತ್ತೆ ಆದರೆ?

ಕೇಳಿಓದು:
ಮೊದಲ ಅಕ್ಷರದ ವಿಷಯ ನನಗೆ ಚೆನ್ನಾಗಿ ಗೊತ್ತು. ಸದ್ದಿಲ್ಲದಾಗ ಹೆಡ್‌ಫೋನ್ ನಿದ್ದೆಗೆ ಹೋಗುತ್ತದೆ, ಏಳುವಷ್ಟರಲ್ಲಿ ಒಂದು ಅಕ್ಷರ ಹೋಗಿರುತ್ತದೆ. ನಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ. ಲೆಕ್ಕ ಮಾಡುವಾಗ ಒಂದು ಅಂಕಿ ನುಂಗಿದರೆ ಉತ್ತರವೇ ತಪ್ಪುತ್ತದೆ. ಎನ್‌ವಿಡಿಎ ಸೆಟ್ಟಿಂಗ್ಸ್‌ನ ಆಡಿಯೊ ವಿಭಾಗದಲ್ಲಿ, ಮಾತು ನಿಂತ ಮೇಲೂ ಆಡಿಯೊ ಸಾಧನವನ್ನು ಎಷ್ಟು ಹೊತ್ತು ಎಚ್ಚರವಾಗಿಡಬೇಕು ಅನ್ನುವ ಆಯ್ಕೆ ಇದೆ. ಅದನ್ನು ಜಾಸ್ತಿ ಮಾಡಿ. ಬ್ಯಾಟರಿ ಸ್ವಲ್ಪ ಬೇಗ ಖಾಲಿಯಾಗುತ್ತದೆ, ಆಗಲಿ. ಅಲ್ಲೇ ಔಟ್‌ಪುಟ್ ಸಾಧನ "ಡೀಫಾಲ್ಟ್" ಅಂತ ಇದೆಯಾ ಅಂತಲೂ ನೋಡಿಕೊಳ್ಳಿ.

ಟೆಲಿಫೋನ್ ದನಿಗೆ ಕಾರಣ ಬ್ಲೂಟೂತ್‌ನ ಎರಡು ಕ್ರಮಗಳು. ಬರೀ ಕೇಳುವಾಗ ಎ2ಡಿಪಿ, ಒಳ್ಳೆಯ ಸ್ಟೀರಿಯೊ. ಹೆಡ್‌ಫೋನ್‌ನ ಮೈಕ್ ಬೇಕು ಅಂದ ತಕ್ಷಣ ಹ್ಯಾಂಡ್ಸ್-ಫ್ರೀ ಕ್ರಮಕ್ಕೆ ಬದಲಾಗುತ್ತದೆ. ಆಗ ಮೊನೊ, ಸಾಮಾನ್ಯವಾಗಿ 8 ಅಥವಾ 16 ಕಿಲೋಹರ್ಟ್ಸ್ ಮಾತ್ರ. ಕ್ಲಾಸ್‌ನ ಆ್ಯಪ್‌ನಲ್ಲಿ ಮೈಕ್ ಆಗಿ ಲ್ಯಾಪ್‌ಟಾಪ್‌ನದ್ದನ್ನು ಆರಿಸಿ, ಕೇಳುವುದಕ್ಕೆ ಹೆಡ್‌ಫೋನ್ ಇರಲಿ. ಕ್ಲಾಸ್ ನಡೆಯುವಾಗ ಬೇರೆ ಸದ್ದೆಲ್ಲ ತಾನಾಗಿ ಕುಗ್ಗಿದರೆ ಅದೂ ಒಂದು ಸೆಟ್ಟಿಂಗ್. ಆ ಹಳೆಯ ಸೌಂಡ್ ಕಿಟಕಿಯ ಕಮ್ಯುನಿಕೇಶನ್ಸ್ ಟ್ಯಾಬ್‌ನಲ್ಲಿ 80 ಶೇಕಡ ಇಳಿಸು ಅಂತ ಇರುತ್ತದೆ, "ಡು ನಥಿಂಗ್" ಮಾಡಿ.

ಸಾಲ ತಂದ ಇಯರ್‌ಫೋನ್ ವಾಪಸ್ ಕೊಡುವ ಮೊದಲು ನಿಮ್ಮದೇ ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ತರಿಸಿಕೊಳ್ಳಿ. ಬ್ಯಾಗ್‌ನಲ್ಲಿ ಸದಾ ಇರಲಿ. ತಂದ ದಿನವೇ ಒಂದು ಸಲ ಸಿಕ್ಕಿಸಿ, ಅದರಲ್ಲಿ ಎನ್‌ವಿಡಿಎ ಮಾತಾಡುತ್ತದೆ ಅಂತ ಖಚಿತ ಮಾಡಿಕೊಳ್ಳಿ. ಬೇಕಾದಾಗ ಕೈ ಕೊಡಬಾರದು.

ಮೂರನೇಮಹಡಿ:
ಅಪ್‌ಡೇಟ್ ಬಗ್ಗೆ: ವಿಂಡೋಸ್ ಅಪ್‌ಡೇಟ್‌ನಲ್ಲಿ ಕೆಲವು ವಾರ "ಪಾಝ್" (ತಾತ್ಕಾಲಿಕ ತಡೆ) ಕೊಟ್ಟು ಇಡಬಹುದು, ಆದರೆ ಶಾಶ್ವತವಾಗಿ ನಿಲ್ಲಿಸಬೇಡಿ, ಭದ್ರತೆಯ ತೇಪೆಗಳು ಅದರಲ್ಲೇ ಬರುತ್ತವೆ. ಅದರ ಬದಲು ಈಗ ಕೆಲಸ ಮಾಡುತ್ತಿರುವ ಡ್ರೈವರ್‌ಗಳ ನಕಲು ಇಟ್ಟುಕೊಳ್ಳಿ. ಮೊದಲು ಡಿ ಡ್ರೈವ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಒಂದು ಖಾಲಿ ಫೋಲ್ಡರ್ ಮಾಡಿ. ಅಡ್ಮಿನಿಸ್ಟ್ರೇಟರ್ ಆಗಿ ಟರ್ಮಿನಲ್ ತೆರೆದು, ಪಿ ಎನ್ ಪಿ ಯು ಟಿ ಐ ಎಲ್, ಸ್ಪೇಸ್, ಸ್ಲ್ಯಾಶ್, ಎಕ್ಸ್‌ಪೋರ್ಟ್, ಅಡ್ಡಗೆರೆ, ಡ್ರೈವರ್, ಸ್ಪೇಸ್, ನಕ್ಷತ್ರ ಚಿಹ್ನೆ, ಸ್ಪೇಸ್, ಆಮೇಲೆ ಆ ಫೋಲ್ಡರ್‌ನ ಪೂರ್ತಿ ವಿಳಾಸ. ಹೊರಗಿನಿಂದ ಬಂದ ಡ್ರೈವರ್‌ಗಳೆಲ್ಲ ಅಲ್ಲಿಗೆ ನಕಲಾಗುತ್ತವೆ. ಮತ್ತೆ ಹೀಗಾದರೆ "ಅಪ್‌ಡೇಟ್ ಡ್ರೈವರ್" ಕೊಟ್ಟು ಆ ಫೋಲ್ಡರ್ ತೋರಿಸಿ. ಹೊಸ ಆವೃತ್ತಿಯೇ ಸಾಕು ಅಂತ ವಿಂಡೋಸ್ ಹಠ ಹಿಡಿದರೆ, ಆ ಕಂಟ್ರೋಲರ್‌ನ "ಅನ್‌ಇನ್‌ಸ್ಟಾಲ್ ಡಿವೈಸ್"ಗೆ ಹೋಗಿ, ಡ್ರೈವರ್ ಕೂಡ ತೆಗೆಯುವ ಚೆಕ್‌ಬಾಕ್ಸ್ ಗುರುತು ಮಾಡಿ, ಆಮೇಲೆ ಫೋಲ್ಡರ್‌ನಿಂದ ಹಾಕಿ.

ಧಾರವಾಡದಿಂದ:
ನಕಲು ಆಯಿತು, ಪೆನ್‌ಡ್ರೈವ್‌ನಲ್ಲಿ ಇಟ್ಟಿದ್ದೇನೆ. ಎಚ್ಚರದ ಸಮಯ ಜಾಸ್ತಿ ಮಾಡಿದ ಮೇಲೆ ಅಂಕಿಗಳು ಪೂರ್ತಿ ಕೇಳುತ್ತಿವೆ. ನನ್ನ ಜೊತೆ ಓದುವ ಇನ್ನೂ ಕೆಲವರು ಎನ್‌ವಿಡಿಎ ಬಳಸುತ್ತಾರೆ, ಅವರಿಗೂ ಈ ಪುಟದ ಕೊಂಡಿ ಕಳಿಸಿದ್ದೇನೆ. ಅವರ ಪ್ರಶ್ನೆಗಳಿದ್ದರೆ ಇಲ್ಲೇ ಕೇಳುತ್ತಾರೆ.